ಚರ್ಚೆಯೇ ಇಲ್ಲದ ಚರ್ಚಾ ಸ್ಪರ್ಧೆ

ಹೋದ ವರ್ಷ ದಾವಣಗೆರೆಯ ಒಂದು ಶಾಲೆಯಲ್ಲಿ ಅಂತರಶಾಲಾ ಚರ್ಚಾ ಸ್ಪರ್ಧೆ ಇತ್ತು. ಐದರಿಂದ ಏಳನೇ ತರಗತಿಯವರೆಗಿನ ಮಕ್ಕಳಿಗೆ. ಮೂವರು ತೀರ್ಪುಗಾರರಲ್ಲಿ ನಾನೂ ಒಬ್ಬ. ವಿಷಯ ಹಳೆಯದೇ: 'ಮೊಬೈಲ್ ವರವೋ, ಶಾಪವೋ'. ಶಾಲೆಗೆ ಇಬ್ಬರಂತೆ ಬಂದಿದ್ದರು, ಒಬ್ಬರು ಪರ, ಇನ್ನೊಬ್ಬರು ವಿರೋಧ. ತಲಾ ಮೂರು ನಿಮಿಷ, ಎರಡೂವರೆಗೆ ಎಚ್ಚರಿಕೆಯ ಗಂಟೆ.

ಐದಾರು ಮಕ್ಕಳ ಸರದಿ ಮುಗಿದ ಮೇಲೆ ಒಬ್ಬ ಹುಡುಗಿ ಬಂದಳು. ಮೈಕಿನ ಎತ್ತರವನ್ನು ತಾನೇ ಸರಿಮಾಡಿಕೊಂಡಳು. ವೇದಿಕೆಗೆ ವಂದಿಸಿ, ಗುರುವೃಂದಕ್ಕೆ ವಂದಿಸಿ, 'ನನ್ನ ಎದುರಾಳಿ ಮಿತ್ರರು ಈಗಷ್ಟೇ ಹೇಳಿದರು, ಮೊಬೈಲಿನಿಂದ ಜಗತ್ತಿನ ಜ್ಞಾನವೆಲ್ಲ ಅಂಗೈಗೆ ಬಂದಿದೆ ಎಂದು. ಮಿತ್ರರೇ, ನಾನು ಕೇಳುತ್ತೇನೆ...' ಎನ್ನುತ್ತ ಬೆರಳೆತ್ತಿದಳು. ಸಭೆ ಚಪ್ಪಾಳೆ ತಟ್ಟಿತು. ನಾನು ನನ್ನ ಟಿಪ್ಪಣಿ ನೋಡಿಕೊಂಡೆ. ಅವಳಿಗಿಂತ ಮುಂಚೆ ಮಾತಾಡಿದ ಹುಡುಗ ಜ್ಞಾನದ ವಿಷಯವನ್ನೇ ಎತ್ತಿರಲಿಲ್ಲ. ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿರುವ ಅಪ್ಪನ ಮುಖವನ್ನು ರಾತ್ರಿ ವಿಡಿಯೊ ಕಾಲಿನಲ್ಲಿ ನೋಡುತ್ತೇವೆ ಎಂದಷ್ಟೇ ಹೇಳಿ ಇಳಿದಿದ್ದ. ಈ ಹುಡುಗಿಯ ಉತ್ತರ ಒಂದು ವಾರ ಮೊದಲೇ ಸಿದ್ಧವಾಗಿತ್ತು. ಯಾರು ಏನೇ ಹೇಳಿದ್ದರೂ ಅವಳು ಅದನ್ನೇ ಹೇಳುತ್ತಿದ್ದಳು.

ಅದೇ ದಿನ ಜಗಳೂರು ಕಡೆಯ ಒಂದು ಹಳ್ಳಿ ಶಾಲೆಯ ಹುಡುಗ ಅರ್ಧದಲ್ಲಿ ಸಾಲು ಮರೆತ. ಕೆಳಗಿನಿಂದ ಅವನ ಮೇಷ್ಟ್ರು ತುಟಿ ಅಲ್ಲಾಡಿಸಿ ನೆನಪು ಮಾಡಿಕೊಡಲು ನೋಡಿದರು. ಆಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಆಮೇಲೆ ಅವನು ಹೇಳಿದ: 'ನಮ್ಮನೇಲಿ ಒಂದೇ ಫೋನ್ ಐತೆ ಸಾರ್. ಅಪ್ಪ ಹೊಲಕ್ಕೆ ಒಯ್ತಾರೆ. ನನಗದು ವರಾನೂ ಅಲ್ಲ, ಶಾಪಾನೂ ಅಲ್ಲ.' ಎಲ್ಲರೂ ನಕ್ಕರು. ಹುಡುಗ ಕೆಂಪಾಗಿ ಕೆಳಗಿಳಿದ. ಅಂಕಪಟ್ಟಿಯಲ್ಲಿ ಅವನು ಕೊನೆಯವನಾದ, ಹುಡುಗಿ ಮೊದಲಿಗಳಾದಳು. ನಾನೂ ಹಾಗೆಯೇ ಅಂಕ ಕೊಟ್ಟಿದ್ದೆ, ಯಾಕೆಂದರೆ ಕೈಲಿದ್ದ ಹಾಳೆಯಲ್ಲಿ ವಿಷಯ ಮಂಡನೆ, ಭಾಷಾ ಶುದ್ಧಿ, ಹಾವಭಾವ, ಸಮಯ ಪಾಲನೆ ಎಂಬ ನಾಲ್ಕೇ ಕಾಲಂ ಇದ್ದವು. ಆ ಹುಡುಗ ಮಾಡಿದ್ದನ್ನು ಬರೆಯಲು ಅಲ್ಲಿ ಕಾಲಂ ಇರಲಿಲ್ಲ. ಕೊಟ್ಟ ಪ್ರಶ್ನೆಯೇ ತನ್ನಂಥವರನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂದು ಅವನು ತೋರಿಸಿದ್ದ. ಅವತ್ತು ಆ ಸಭಾಂಗಣದಲ್ಲಿ ನಡೆದ ವಾದ ಅದೊಂದೇ.

ಆ ದಿನದಿಂದ ಈ ಸ್ಪರ್ಧೆಗಳ ಬಗ್ಗೆ ಯೋಚಿಸುತ್ತಲೇ ಇದ್ದೇನೆ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ಜುಲೈಯಿಂದ ಜನವರಿವರೆಗೆ ಇವಕ್ಕೆ ಬಿಡುವೇ ಇಲ್ಲ. ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿ, ರಾಜ್ಯೋತ್ಸವ, ಮಕ್ಕಳ ದಿನ, ಮತದಾರರ ದಿನ. ಮಠದ ಉತ್ಸವ, ಕ್ಲಬ್ಬುಗಳ ವಾರ್ಷಿಕೋತ್ಸವ, ಪೊಲೀಸ್ ಇಲಾಖೆಯ ಜಾಗೃತಿ, ಅರಣ್ಯ ಇಲಾಖೆಯ ವನ್ಯಜೀವಿ ಸಪ್ತಾಹ. ಪ್ರತಿಯೊಂದಕ್ಕೂ ಒಂದು ಭಾಷಣ, ಒಂದು ಪ್ರಬಂಧ, ಒಂದು ಚರ್ಚೆ. ಸರ್ಕಾರದ ಪ್ರತಿಭಾ ಕಾರಂಜಿ ಸ್ಪರ್ಧೆ ಅಕ್ಕಪಕ್ಕದ ಶಾಲೆಗಳ ಕ್ಲಸ್ಟರ್‌ನಲ್ಲಿ ಶುರುವಾಗಿ ತಾಲ್ಲೂಕು, ಜಿಲ್ಲೆ ಎಂದು ಮೇಲೇರುತ್ತದೆ. ಅದರಲ್ಲಿ ಚಿಕ್ಕ ಮಕ್ಕಳಿಗೆ ಕಂಠಪಾಠ, ಕಥೆ ಹೇಳುವುದು, ಛದ್ಮವೇಷ, ಅಭಿನಯ ಗೀತೆ, ಆಶುಭಾಷಣ ಇರುತ್ತವೆ. ಚರ್ಚಾ ಸ್ಪರ್ಧೆ ಸಾಮಾನ್ಯವಾಗಿ ಪ್ರೌಢಶಾಲೆಯವರ ಪಟ್ಟಿಗೆ ಸೇರಿದ್ದು. ಆದರೆ ಖಾಸಗಿ ಶಾಲೆಗಳು, ಸಂಘ ಸಂಸ್ಥೆಗಳು ಅದನ್ನು ನಾಲ್ಕನೇ ತರಗತಿಯವರೆಗೂ ಇಳಿಸಿವೆ. ಇಳಿಸಿದ್ದು ತಪ್ಪು ಅನ್ನುತ್ತಿಲ್ಲ. ಇಳಿಸುವಾಗ ಚರ್ಚೆ ಕಂಠಪಾಠವಾಗಿ ಹೋಯಿತು, ಅದನ್ನು ಯಾರೂ ಗಮನಿಸಲಿಲ್ಲ. ನನ್ನ ತಕರಾರು ಅದು.

ವಾದ, ಜಲ್ಪ, ವಿತಂಡ

ನಮ್ಮ ನ್ಯಾಯಶಾಸ್ತ್ರದವರು ಮಾತಿನ ಎದುರುಬದುರನ್ನು ಮೂರಾಗಿ ವಿಂಗಡಿಸಿದ್ದರು. ನಿಜ ಏನೆಂದು ಇಬ್ಬರೂ ಸೇರಿ ಹುಡುಕುವುದು ವಾದ. ಹೇಗಾದರೂ ಮಾಡಿ ಗೆಲ್ಲಬೇಕೆಂದು ಹೊರಡುವುದು ಜಲ್ಪ. ತನ್ನದೆಂಬ ನಿಲುವೇ ಇಲ್ಲದೆ ಎದುರಿನವನನ್ನು ಕೆಡವುವುದಷ್ಟೇ ಕೆಲಸವಾದರೆ ವಿತಂಡ. 'ವಿತಂಡವಾದ ಮಾಡಬೇಡ' ಎಂದು ಇವತ್ತಿಗೂ ಮನೆಯಲ್ಲಿ ಬೈಯುತ್ತೇವಲ್ಲ, ಅದು ಅಲ್ಲಿಂದ ಬಂದದ್ದು. ಇನ್ನೊಂದು ಪದ್ಧತಿಯೂ ಇತ್ತು. ತನ್ನ ಸಿದ್ಧಾಂತ ಹೇಳುವ ಮೊದಲು ಪೂರ್ವಪಕ್ಷವನ್ನು, ಅಂದರೆ ಎದುರಿನವರ ನಿಲುವನ್ನು, ಅವರೇ ಒಪ್ಪುವಷ್ಟು ಚೆನ್ನಾಗಿ ಹೇಳಬೇಕಿತ್ತು.

ಈ ಅಳತೆಗೋಲು ಹಿಡಿದು ನೋಡಿದರೆ ನಮ್ಮ ಪ್ರಾಥಮಿಕ ಶಾಲೆಗಳ ಚರ್ಚಾ ಸ್ಪರ್ಧೆ ವಾದವಲ್ಲ, ಜಲ್ಪವೂ ಅಲ್ಲ. ಜಲ್ಪಕ್ಕಾದರೂ ಎದುರಿನವನ ಮಾತನ್ನು ಕೇಳಿಸಿಕೊಳ್ಳಬೇಕು. ಇಲ್ಲಿ ಇಪ್ಪತ್ತು ಮಕ್ಕಳು ಸಾಲಾಗಿ ಬಂದು ಇಪ್ಪತ್ತು ಭಾಷಣ ಒಪ್ಪಿಸಿ ಹೋಗುತ್ತಾರೆ. ತಮ್ಮ ಸರದಿ ಬರುವ ತನಕ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ ತಮ್ಮ ಸಾಲುಗಳನ್ನೇ ಗುನುಗುತ್ತಾರೆ. ಸರದಿ ಮುಗಿದವರು ನೀರು ಕುಡಿಯಲು ಹೊರಗೆ ಹೋಗುತ್ತಾರೆ. ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳುವ ಸಂದರ್ಭವೇ ಇಲ್ಲ.

ಹೀಗಾಗಲು ಮಕ್ಕಳು ಕಾರಣರಲ್ಲ, ಏರ್ಪಾಡು ಕಾರಣ. ವಿಷಯವನ್ನು ಹದಿನೈದು ದಿನ ಮೊದಲೇ ಕೊಡುತ್ತಾರೆ. ಹಾಗೆ ಕೊಟ್ಟ ಮೇಲೆ ಬರೆದುಕೊಡುವವರು ದೊಡ್ಡವರೇ: ಮೊದಲೆಲ್ಲ ಕನ್ನಡ ಮೇಷ್ಟ್ರು, ಆಮೇಲೆ ಯೂಟ್ಯೂಬ್, ಈಗ ಚಾಟ್‌ಜಿಪಿಟಿ. ಈಚಿನ ಎರಡು ಮೂರು ಸ್ಪರ್ಧೆಗಳಲ್ಲಿ ಬೇರೆ ಬೇರೆ ಶಾಲೆಯ ಮಕ್ಕಳ ಬಾಯಲ್ಲಿ ಒಂದೇ ವಾಕ್ಯ, ಒಂದೇ ಕ್ರಮದಲ್ಲಿ ಬಂದದ್ದನ್ನು ಕೇಳಿದ್ದೇನೆ. 'ನಾಣ್ಯಕ್ಕೆ ಎರಡು ಮುಖಗಳಿರುವಂತೆ...' ಎಂದು ಒಂಬತ್ತು ವರ್ಷದ ಮಗು ಶುರುಮಾಡಿದರೆ ಆ ಮಾತು ಆ ಮಗುವಿನದಲ್ಲ ಎಂದು ಹೇಳಲು ತೀರ್ಪುಗಾರರೇ ಬೇಕಿಲ್ಲ.

ವಿಷಯದ ಆಯ್ಕೆಯಲ್ಲೂ ತೊಂದರೆ ಇದೆ. 'ವಿಜ್ಞಾನ ವರವೋ ಶಾಪವೋ', 'ಖಡ್ಗಕ್ಕಿಂತ ಲೇಖನಿ ಹರಿತ' ಇಂಥವುಗಳಲ್ಲಿ ಮಗುವಿಗೆ ಗೊತ್ತಿರುವ ಸಂಗತಿ ಒಂದೂ ಇರುವುದಿಲ್ಲ. ಗೊತ್ತಿಲ್ಲದ್ದರ ಬಗ್ಗೆ ಗಟ್ಟಿಯಾಗಿ ಮಾತಾಡುವುದನ್ನು ಹತ್ತು ವರ್ಷಕ್ಕೇ ರೂಢಿ ಮಾಡಿಸುತ್ತಿದ್ದೇವೆ. ಅದಕ್ಕೆ ಬಹುಮಾನವನ್ನೂ ಕೊಡುತ್ತಿದ್ದೇವೆ. ಇದು ನನಗೆ ನಿಜವಾಗಿಯೂ ಹೆದರಿಕೆ ಹುಟ್ಟಿಸುವ ಸಂಗತಿ.

ಇಷ್ಟು ಚಿಕ್ಕ ಮಕ್ಕಳಿಗೆ ಚರ್ಚೆ ಬೇಕೇ?

ಬೇಡ ಎನ್ನುವವರಿದ್ದಾರೆ. ಚಿತ್ರದುರ್ಗದ ಒಬ್ಬ ಹಿರಿಯ ಶಿಕ್ಷಕರು, ಮೂವತ್ತು ವರ್ಷ ಒಂದರಿಂದ ಐದನೇ ತರಗತಿಗೆ ಪಾಠ ಮಾಡಿದವರು, ನನಗೆ ಹೇಳಿದ್ದು: 'ಮಗುವಿಗೆ ಮೊದಲು ತನ್ನ ಅನಿಸಿಕೆ ಹುಟ್ಟಲಿ. ಹುಟ್ಟುವ ಮುಂಚೆಯೇ ನೀನು ಪರ, ನೀನು ವಿರೋಧ ಅಂತ ಹಂಚಿಬಿಟ್ಟರೆ ಅನಿಸಿಕೆಯೇ ಬೆಳೆಯಲ್ಲ.' ಈ ಮಾತಿಗೆ ತೂಕವಿದೆ. ಚೀಟಿ ಎತ್ತಿ ಬಂದ ಪಕ್ಷವನ್ನು ಸಮರ್ಥಿಸುವುದು ವಕೀಲಿಕೆಗೆ ಸರಿ. ಎಂಟು ವರ್ಷದ ಮಗು ಅದನ್ನೇ ಪ್ರಾಮಾಣಿಕತೆ ಎಂದುಕೊಂಡರೆ ಕಷ್ಟ.

ಆದರೂ ಚಿಕ್ಕ ಮಕ್ಕಳಿಗೆ ವಾದ ಬರುವುದಿಲ್ಲ ಎಂಬುದನ್ನು ನಾನು ಒಪ್ಪಲಾರೆ. ಅಂಗನವಾಡಿಯ ಮಗುವಿಗೂ 'ಯಾಕಂದ್ರೆ' ಎನ್ನಲು ಬರುತ್ತದೆ. ಲಗೋರಿ ಆಡುವಾಗ ಔಟೋ ಅಲ್ಲವೋ ಎಂದು ನಡೆಯುವ ತಕರಾರನ್ನು ಒಮ್ಮೆ ನಿಂತು ಕೇಳಿ. ಅಲ್ಲಿ ಸಾಕ್ಷಿ ಕರೆಸುತ್ತಾರೆ, ಹಿಂದಿನ ಆಟದಲ್ಲಿ ಏನಾಯಿತೆಂದು ಎತ್ತಿ ತೋರಿಸುತ್ತಾರೆ, ನಿಯಮ ಏನೆಂದು ಕೇಳುತ್ತಾರೆ, ಕೊನೆಗೆ ಒಂದು ಒಪ್ಪಂದಕ್ಕೆ ಬರುತ್ತಾರೆ, ಯಾಕೆಂದರೆ ಆಟ ಮುಂದುವರಿಯಬೇಕಲ್ಲ. ಅಷ್ಟು ಚೆನ್ನಾಗಿ ವಾದ ಮಾಡುವ ಮಕ್ಕಳು ವೇದಿಕೆ ಹತ್ತಿದ ಕೂಡಲೇ ಗೊಂಬೆಗಳಾಗುತ್ತಾರೆ.

ಇಂಗ್ಲೆಂಡಿನಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳು ಗುಂಪಿನಲ್ಲಿ ಹೇಗೆ ಮಾತಾಡುತ್ತಾರೆಂದು ವರ್ಷಗಟ್ಟಲೆ ನೋಡಿದ ನೀಲ್ ಮರ್ಸರ್ ಎಂಬ ವಿದ್ವಾಂಸರು ಆ ಮಾತುಗಳನ್ನು ಮೂರು ಬಗೆಯಾಗಿ ಗುರುತಿಸಿದರು. ಒಂದು ಕಚ್ಚಾಟ: 'ಹೌದು', 'ಅಲ್ಲ', 'ಹೌದು'. ಎರಡನೆಯದು ಒಬ್ಬರು ಹೇಳಿದ್ದಕ್ಕೆಲ್ಲ ಉಳಿದವರು ತಲೆಯಾಡಿಸುವುದು. ಮೂರನೆಯದು ಹುಡುಕಾಟದ ಮಾತು: ಕಾರಣ ಕೇಳುವುದು, ಕಾರಣ ಕೊಡುವುದು, ಇನ್ನೊಬ್ಬರ ಮಾತಿನ ಮೇಲೆ ತನ್ನದನ್ನು ಕಟ್ಟುವುದು. ತಾವಾಗಿಯೇ ಬಿಟ್ಟರೆ ಮಕ್ಕಳು ಮೊದಲ ಎರಡಕ್ಕೇ ಜಾರುತ್ತಾರೆ. ಕೆಲವು ನಿಯಮಗಳನ್ನು ಅವರ ಜೊತೆಗೇ ಕೂತು ಮಾಡಿಕೊಂಡರೆ ಮೂರನೆಯದನ್ನು ಕಲಿಯುತ್ತಾರೆ ಎಂಬುದು ಅವರು ಕಂಡುಕೊಂಡದ್ದು. ಅಂದರೆ ಇದು ಹುಟ್ಟಾ ಬರುವ ವರವೂ ಅಲ್ಲ, ವಯಸ್ಸಾದ ಮೇಲೆ ತಾನಾಗಿ ಬರುವುದೂ ಅಲ್ಲ. ಕಲಿಸಬೇಕು.

ಕಲಿಸಿದರೆ ಏನಾಗುತ್ತದೆ ಎನ್ನುವುದಕ್ಕೂ ಸ್ವಲ್ಪ ಪುರಾವೆ ಇದೆ. 9–10 ವರ್ಷದ ಮಕ್ಕಳ ತರಗತಿಗಳಲ್ಲಿ ಪಾಠವನ್ನು ಸಂವಾದದ ಮೂಲಕ ನಡೆಸಿದ ಒಂದು ಪ್ರಯೋಗದ ಫಲಿತಾಂಶ ಇಂಗ್ಲೆಂಡಿನಲ್ಲಿ 2017ರಲ್ಲಿ ಪ್ರಕಟವಾಯಿತು. ಆ ಮಕ್ಕಳು ಇಂಗ್ಲಿಷ್ ಮತ್ತು ವಿಜ್ಞಾನದಲ್ಲಿ ಉಳಿದವರಿಗಿಂತ ಸುಮಾರು 2 ತಿಂಗಳ ಕಲಿಕೆಯಷ್ಟು ಮುಂದಿದ್ದರು. ಇದಕ್ಕೆ ಹತ್ತಿರದ ಇನ್ನೊಂದು ಪ್ರಯೋಗ ಮಕ್ಕಳನ್ನು ವೃತ್ತಾಕಾರದಲ್ಲಿ ಕೂರಿಸಿ 'ನ್ಯಾಯ ಅಂದರೇನು' ಎಂಬಂಥ ಪ್ರಶ್ನೆಗಳನ್ನು ಚರ್ಚಿಸಲು ಬಿಡುವುದು. 2015ರಲ್ಲಿ ಅದರಿಂದ ಓದು, ಲೆಕ್ಕ ಎರಡೂ ಸುಧಾರಿಸಿದವು ಎಂಬ ವರದಿ ಬಂತು. 2021ರಲ್ಲಿ ಇನ್ನೂ ದೊಡ್ಡದಾಗಿ ಪರೀಕ್ಷಿಸಿದಾಗ ಓದಿನಲ್ಲಿ ಆ ಲಾಭ ಕಾಣಲಿಲ್ಲ. ಆದ್ದರಿಂದ 'ಚರ್ಚೆ ಮಾಡಿಸಿದರೆ ಅಂಕ ಜಾಸ್ತಿ ಬರುತ್ತದೆ' ಎಂದು ಪೋಷಕರಿಗೆ ಆಸೆ ತೋರಿಸುವುದು ಸರಿಯಲ್ಲ. ಅಂಕ ಬಂದರೆ ಸಂತೋಷ. ಬರದಿದ್ದರೂ ಬೇಕಾದ ವಿದ್ಯೆ ಇದು. ಹೀಗೆನ್ನಲು ನಮ್ಮ ಕಾನೂನಿನ ಬೆಂಬಲವೂ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಂ ಪಠ್ಯಕ್ರಮ ಹೇಗಿರಬೇಕೆಂದು ಹೇಳುವಾಗ ಮಗುವನ್ನು ಭಯ, ಆಘಾತ, ಆತಂಕಗಳಿಂದ ಮುಕ್ತಗೊಳಿಸಿ ತನ್ನ ಅನಿಸಿಕೆಯನ್ನು ಮುಕ್ತವಾಗಿ ಹೇಳಲು ನೆರವಾಗಬೇಕು ಎನ್ನುತ್ತದೆ. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಮಗುವಿಗೆ ಸಂಬಂಧಿಸಿದ ವಿಷಯಗಳಲ್ಲಿ ಅದರ ಅಭಿಪ್ರಾಯಕ್ಕೆ, ವಯಸ್ಸು ಮತ್ತು ಪ್ರಬುದ್ಧತೆಗೆ ತಕ್ಕ ಬೆಲೆ ಸಿಗಬೇಕು. ಎರಡೂ ಕಡೆ ಮಾತು ಮಗುವಿನ ಸ್ವಂತ ಅನಿಸಿಕೆಯದು ಎಂಬುದನ್ನು ಗಮನಿಸಬೇಕು. ಮೇಷ್ಟ್ರು ಬರೆದುಕೊಟ್ಟ ಅಭಿಪ್ರಾಯವನ್ನು ಒಪ್ಪಿಸುವುದಕ್ಕೆ ಇಷ್ಟು ದೊಡ್ಡ ಹಕ್ಕು ಬೇಕಾಗಿರಲಿಲ್ಲ.

ನಮ್ಮ ಜನಪದಕ್ಕಂತೂ ಇದು ಹೊಸದಲ್ಲ. ಉತ್ತರ ಕರ್ನಾಟಕದ ಗೀಗೀ ಪದಗಳಲ್ಲಿ ಹರದೇಶಿ, ನಾಗೇಶಿ ಎಂದು ಎರಡು ಮೇಳಗಳು ಎದುರುಬದುರು ಕೂತು ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಬೆಳಗಿನ ತನಕ ಸವಾಲು ಜವಾಬು ಹಾಡುತ್ತಿದ್ದವು. ಒಂದು ಮೇಳ ಎಸೆದ ಪ್ರಶ್ನೆಗೆ ಇನ್ನೊಂದು ಮೇಳ ಆ ಪ್ರಶ್ನೆಯನ್ನೇ ಹಿಡಿದು ಉತ್ತರಿಸಬೇಕು. ಮನೆಯಲ್ಲಿ ಕಟ್ಟಿಕೊಂಡು ಬಂದ ಪದವನ್ನೇ ಹಾಡಿ ಎದ್ದುಹೋದರೆ ಜನ ಬಿಡುತ್ತಿರಲಿಲ್ಲ. ಅಕ್ಷರ ಬಾರದ ಕೇಳುಗರಿಗೂ ಜವಾಬು ಯಾವುದು, ಜಾರಿಕೊಂಡದ್ದು ಯಾವುದು ಎಂದು ತಿಳಿಯುತ್ತಿತ್ತು.

ಉಚ್ಚಾರಣೆಗೆ ಅಂಕ ಕಳೆದಾಗ

ಎರಡು ಜಿಲ್ಲೆಗಳ ತರಗತಿಗಳಲ್ಲಿ ಎಷ್ಟು ಭಾಷೆಗಳಿವೆ ಎಂದು ಎಣಿಸಿದರೆ 'ಭಾಷಾ ಶುದ್ಧಿ' ಎಂಬ ಕಾಲಂ ಏನು ಮಾಡುತ್ತದೆ ಎಂದು ತಿಳಿಯುತ್ತದೆ. ಮೊಳಕಾಲ್ಮುರು, ಚಳ್ಳಕೆರೆ ಕಡೆ ಮನೆಯಲ್ಲಿ ತೆಲುಗು ಮಾತಾಡುವ ಮಕ್ಕಳು ಬಹಳ. ದಾವಣಗೆರೆ ಪೇಟೆಯಲ್ಲಿ ಉರ್ದು ಮಾತಾಡುವವರು. ಸೇವಾಲಾಲರು ಹುಟ್ಟಿದ ಸೂರಗೊಂಡನಕೊಪ್ಪ ಇರುವುದು ನ್ಯಾಮತಿ ತಾಲ್ಲೂಕಿನಲ್ಲಿ. ಈ ಭಾಗದ ತಾಂಡಾಗಳ ಮಕ್ಕಳಿಗೆ ಲಂಬಾಣಿಯೇ ಮನೆಮಾತು. ಕನ್ನಡವೇ ಮನೆಮಾತಾದವರ ಕನ್ನಡವಾದರೂ 'ಐತೆ', 'ಹಂಗೆ', 'ಬ್ಯಾಡ' ಎಂದೇ ಹರಿಯುತ್ತದೆ. ಇಷ್ಟು ಮಕ್ಕಳನ್ನು ಒಂದೇ ವೇದಿಕೆಗೆ ತಂದು ಗ್ರಾಂಥಿಕ ಕನ್ನಡದಲ್ಲಿ ಮಾತಾಡಿ ಎಂದರೆ, ಹಕಾರ ಬಿಟ್ಟದ್ದಕ್ಕೂ ಶಕಾರ ಸಕಾರವಾದದ್ದಕ್ಕೂ ಅರ್ಧ ಅರ್ಧ ಅಂಕ ಕಳೆದರೆ, ಗೆಲ್ಲುವವರು ಯಾರೆಂದು ಮೊದಲೇ ಗೊತ್ತಾದಂತೆ. ಯೋಚನೆ ಹುಟ್ಟುವುದು ಮನೆಮಾತಿನಲ್ಲಿ. ಅದನ್ನು ಇನ್ನೊಂದು ಭಾಷೆಯಲ್ಲಿ, ಗಂಟೆ ಬಾರಿಸುವುದರೊಳಗೆ, ಮುನ್ನೂರು ಜನರ ಎದುರು ಹೇಳಬೇಕಾದಾಗ ಬಾಯಿಪಾಠವಲ್ಲದೆ ಬೇರೆ ದಾರಿಯೇ ಉಳಿಯುವುದಿಲ್ಲ. ಬಾಯಿಪಾಠ ಮಾಡುವವರನ್ನು ಬೈಯುವ ಮುಂಚೆ ಇದನ್ನೂ ನೋಡಬೇಕು. ಎಷ್ಟೋ ಮಕ್ಕಳಿಗೆ ಅದೇ ಊರುಗೋಲು.

ಶುದ್ಧ ಕನ್ನಡ ಕಲಿಸಬಾರದು ಎಂದಲ್ಲ. ಕಲಿಸಲು ಬೇರೆ ಪಾಠಗಳಿವೆ, ಕಂಠಪಾಠದ ಸ್ಪರ್ಧೆಯೇ ಇದೆ. ಚರ್ಚೆಯಲ್ಲಿ ನೋಡಬೇಕಾದದ್ದು ಕಾರಣ. 'ಬ್ಯಾಡ ಸಾರ್, ಯಾಕಂದ್ರೆ...' ಎಂದು ಶುರುವಾದ ವಾಕ್ಯದ ಬೆಲೆ 'ಯಾಕಂದ್ರೆ'ಯ ಮುಂದೆ ಏನಿದೆ ಎಂಬುದರಲ್ಲಿರುತ್ತದೆ.

ಇನ್ನು ಹೆಣ್ಣುಮಕ್ಕಳ ಮಾತು. ವೇದಿಕೆಯಲ್ಲಿ ಗೆಲ್ಲುವವರಲ್ಲಿ ಅವರೇ ಹೆಚ್ಚು ಎಂದು ಶಿಕ್ಷಕರು ಹೆಮ್ಮೆಯಿಂದ ಹೇಳುತ್ತಾರೆ, ನಾನೂ ಕಂಡಿದ್ದೇನೆ. ಆದರೆ ಅದೇ ಹುಡುಗಿ ಮನೆಗೆ ಹೋಗಿ, ತಮ್ಮನಿಗೆ ಯಾಕೆ ಕೆಲಸ ಹೇಳುವುದಿಲ್ಲ ಎಂದು ಕೇಳಿದರೆ ಅದು ಎದುರುತ್ತರವಾಗುತ್ತದೆ. ಬಾಯಿ ಜಾಸ್ತಿ, ಗಂಡುಬೀರಿ, ಎಲ್ಲ ಮಾತೂ ಬೀಳುತ್ತದೆ. ಬರೆದುಕೊಟ್ಟದ್ದನ್ನು ಹೇಳಿದರೆ ಬಹುಮಾನ, ತನಗನ್ನಿಸಿದ್ದನ್ನು ಹೇಳಿದರೆ ಗದರಿಕೆ. ಇವೆರಡನ್ನೂ ಒಟ್ಟಿಗೆ ನೋಡುತ್ತ ಬೆಳೆಯುವ ಹುಡುಗಿಗೆ ಮಾತು ಅಂದರೆ ಏನೆಂದು ಅರ್ಥವಾಗಬೇಕು?

ಏನನ್ನು ಚರ್ಚಿಸಬೇಕು

ವಿಷಯ ಮಗುವಿನ ಕಣ್ಣಳತೆಯಲ್ಲಿರಬೇಕು ಮತ್ತು ಅದಕ್ಕೆ ನಿಜವಾಗಿಯೂ ಎರಡು ಬದಿ ಇರಬೇಕು. ನಾಲ್ಕನೇ ತರಗತಿಗೆ: ಆಟದ ಪೀರಿಯಡ್ಡು ಬೆಳಿಗ್ಗೆ ಇರಬೇಕೋ ಸಂಜೆಯೋ? ಶಾಲೆಯ ಗ್ರಂಥಾಲಯದ ಪುಸ್ತಕವನ್ನು ಮನೆಗೆ ಕೊಡಬೇಕೋ ಬೇಡವೋ? ಒಬ್ಬರು ಗಲಾಟೆ ಮಾಡಿದರೆ ಇಡೀ ತರಗತಿಗೆ ಶಿಕ್ಷೆ ಕೊಡುವುದು ಸರಿಯೇ? ಈ ಕೊನೆಯದನ್ನು ಕೊಟ್ಟು ನೋಡಿ, ಮೂಲೆಯಲ್ಲಿ ಬಾಯಿಬಿಡದೆ ಕೂತಿರುವ ಮಗುವೂ ಎದ್ದು ನಿಲ್ಲುತ್ತದೆ. ಐದು, ಆರಕ್ಕೆ ಹೊಲದ ವಿಷಯ ಬರಲಿ: ಮೆಕ್ಕೆಜೋಳ ಹಾಕುವುದೋ ರಾಗಿ ಹಾಕುವುದೋ? ದಾವಣಗೆರೆ ಸೀಮೆಯ ಹಳ್ಳಿಗಳಲ್ಲಿ ಮಕ್ಕಳು ದಿನಾ ಮನೆಯಲ್ಲಿ ಕೇಳುವ ಲೆಕ್ಕಾಚಾರ ಅದು. ಬೆಲೆ, ಮಳೆ, ಕೂಲಿ, ಮೇವು, ಮನೆಯ ಊಟ ಎಲ್ಲ ಅದರೊಳಗೆ ಬಂತು.

ಏಳನೇ ತರಗತಿಗೆ ಈ ಎರಡು ಜಿಲ್ಲೆಗಳ ನಡುವೆಯೇ ಒಂದು ದೊಡ್ಡ ವಿಷಯ ಬಿದ್ದಿದೆ: ನೀರು. ಭದ್ರಾ ಬಲದಂಡೆ ನಾಲೆಯ ನೀರು ನಂಬಿ ಭತ್ತ, ಅಡಿಕೆ ಬೆಳೆಯುವವರು ದಾವಣಗೆರೆ ಕಡೆಯವರು. ನಾಲೆಯ ಕೊನೆ ಭಾಗಕ್ಕೆ ನೀರು ತಲುಪುವುದಿಲ್ಲ ಎಂಬುದು ಹಳೆಯ ಗೋಳು. ಅತ್ತ ಚಿತ್ರದುರ್ಗದ ಬಯಲಿಗೆ ನೀರು ತರಬೇಕಾದ ಭದ್ರಾ ಮೇಲ್ದಂಡೆ ಯೋಜನೆ ವರ್ಷಗಳಿಂದ ಎಳೆಯುತ್ತಿದೆ; 2023ರ ಕೇಂದ್ರ ಬಜೆಟ್ಟಿನಲ್ಲಿ ಅದಕ್ಕೆ 5,300 ಕೋಟಿ ರೂಪಾಯಿ ಘೋಷಣೆಯಾದದ್ದು ಎಲ್ಲರಿಗೂ ನೆನಪಿದೆ. 1907ರಲ್ಲಿ ಮುಗಿದ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆ ಬಯಲಿನ ಬಾಯಾರಿಕೆ ಎಂಥದ್ದೆಂದು ಆ ಎರಡು ಇಸವಿಗಳ ನಡುವಿನ ಅಂತರವೇ ಹೇಳುತ್ತದೆ. ಈಗ ಹರಿಹರದ ಹುಡುಗನಿಗೆ ಹೊಸದುರ್ಗದವರ ಪರವಾಗಿ ಮಾತಾಡು ಎನ್ನಿ, ಹಿರಿಯೂರಿನ ಹುಡುಗಿಗೆ ನಾಲೆಯ ಕೊನೆ ಭಾಗದ ರೈತನ ಪರವಾಗಿ ನಿಲ್ಲು ಎನ್ನಿ. ಪಕ್ಷ ಬದಲಿಸುವ ಪದ್ಧತಿಗೆ ಆಗ ಒಂದು ಅರ್ಥ ಬರುತ್ತದೆ. ಅದು ವಕೀಲಿಕೆಯಾಗಿ ಉಳಿಯುವುದಿಲ್ಲ; ಇನ್ನೊಂದು ಊರಿನ ಬಾವಿಗೆ ಇಣುಕಿ ನೋಡಿದಂತಾಗುತ್ತದೆ.

ಎಲ್ಲ ವಿಷಯವೂ ಚರ್ಚೆಗೆ ಅಲ್ಲ ಎಂಬ ಎಚ್ಚರವೂ ಬೇಕು. 2024ರಿಂದ ಶಾಲೆಯಲ್ಲಿ ವಾರಕ್ಕೆ 6 ದಿನ ಮೊಟ್ಟೆ ಕೊಡುತ್ತಿದ್ದಾರೆ, ತಿನ್ನದವರಿಗೆ ಬಾಳೆಹಣ್ಣು. 'ಮೊಟ್ಟೆ ಕೊಡಬೇಕೇ ಬೇಡವೇ' ಎಂಬುದನ್ನು ಮಕ್ಕಳ ಚರ್ಚೆಗೆ ಇಟ್ಟವರನ್ನು ನೋಡಿದ್ದೇನೆ. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಒಂದು ಮಗುವಿನ ಮನೆಯ ಊಟವನ್ನು ಎದುರಿನ ಮಗು ವೇದಿಕೆಯ ಮೇಲೆ 'ವಿರೋಧಿಸುವುದು' ಯಾವ ವಿದ್ಯೆ? ಹುಟ್ಟು, ಊಟ, ದೇವರು, ಮನೆಯ ಬಡತನ ಇವುಗಳಿಗೆ ಪರ–ವಿರೋಧದ ಚೀಟಿ ಅಂಟಿಸಬಾರದು. ದೊಡ್ಡವರು ಬೇಕಾದರೆ ಚರ್ಚಿಸಲಿ.

ಸ್ಪರ್ಧೆಯ ರೂಪ ಬದಲಾಗಲಿ

ಸ್ಪರ್ಧೆಗಳನ್ನೇ ನಿಲ್ಲಿಸಿ ಎನ್ನುವವನಲ್ಲ ನಾನು. ಹಳ್ಳಿ ಶಾಲೆಯ ಮಗು ತಾಲ್ಲೂಕು ಕೇಂದ್ರಕ್ಕೆ ಬಸ್ಸಿನಲ್ಲಿ ಬಂದು ದೊಡ್ಡ ಸಭಾಂಗಣ ನೋಡಿ, ಮೈಕು ಹಿಡಿದು ಹೋಗುವುದೇ ಒಂದು ಅನುಭವ. ಎಷ್ಟೋ ಸಲ ಆ ಬಸ್ ಚಾರ್ಜು ಮೇಷ್ಟ್ರ ಜೇಬಿನದು. ಹಾಗೆ ಬಂದ ಮಗು ಮೂರು ನಿಮಿಷ ಒಪ್ಪಿಸಿ ವಾಪಸು ಹೋಗುವ ಬದಲು ಅರ್ಧ ಗಂಟೆ ಇನ್ನೊಂದು ಊರಿನ ಮಕ್ಕಳ ಜೊತೆ ಕೂತು ಮಾತಾಡಿ ಹೋಗಲಿ ಎಂಬುದಷ್ಟೇ ನನ್ನ ಆಸೆ.

ವಿಷಯವನ್ನು ಅಲ್ಲೇ, ಅರ್ಧ ಗಂಟೆ ಮೊದಲು ಕೊಡಬೇಕು. ಬೇಕಾದರೆ ಐದು ವಿಷಯಗಳ ಪಟ್ಟಿಯನ್ನು ವಾರದ ಮುಂಚೆ ಕೊಟ್ಟು, ಅದರಲ್ಲೊಂದನ್ನು ಆ ದಿನ ಎತ್ತಲಿ. ಅಷ್ಟಾದರೆ ಮನೆಯಲ್ಲಿ, ತರಗತಿಯಲ್ಲಿ ಐದರ ಬಗ್ಗೆಯೂ ಮಾತು ನಡೆದಿರುತ್ತದೆ, ಆದರೆ ಯಾರೂ ಭಾಷಣ ಬರೆದುಕೊಡಲಾರರು. ಮಕ್ಕಳು ಮೂವರ ತಂಡವಾಗಿ, ಮೇಷ್ಟ್ರಿಲ್ಲದೆ, ತಾವೇ ಯೋಚಿಸಲಿ. ಮೊದಲ ಸುತ್ತಿನಲ್ಲಿ ತಮ್ಮ ಮಾತು. ಎರಡನೇ ಸುತ್ತಿನಲ್ಲಿ ಎದುರಿನವರಿಗೆ ಪ್ರಶ್ನೆ. ಮೂರನೆಯದು ಉತ್ತರ, ಆದರೆ ಒಂದು ಕಟ್ಟಳೆಯೊಂದಿಗೆ: 'ನೀವು ಹೇಳಿದ್ದು ಇದು ಅಲ್ವಾ?' ಎಂದು ಎದುರಿನವರ ಮಾತನ್ನು ತಮ್ಮ ಮಾತಿನಲ್ಲಿ ಹೇಳಿ, ಅವರು ಹೌದೆಂದು ಒಪ್ಪಿದ ಮೇಲೆಯೇ ಉತ್ತರ ಕೊಡಬೇಕು. ಹಳೆಯ ಪೂರ್ವಪಕ್ಷವೇ ಇದು. ಕೊನೆಗೆ ಪ್ರತಿಯೊಬ್ಬರೂ ಒಂದು ವಾಕ್ಯ: ಎದುರಿನವರ ಯಾವ ಮಾತು ನನಗೆ ಸರಿ ಅನ್ನಿಸಿತು. ಏನೂ ಅನ್ನಿಸಲಿಲ್ಲ ಎಂದರೂ ಸರಿಯೇ, ಯಾಕೆ ಎಂದು ಹೇಳಲಿ.

ಅಂಕಪಟ್ಟಿಯಲ್ಲಿ ಆಗ ಕಾಲಂಗಳು ತಾವಾಗಿ ಬದಲಾಗುತ್ತವೆ. ಕೇಳಿಸಿಕೊಂಡದ್ದಕ್ಕೆ ಅಂಕ, ಕೊಟ್ಟ ಕಾರಣಕ್ಕೆ ಅಂಕ, ಕೇಳಿದ ಪ್ರಶ್ನೆಗೆ ಅಂಕ. ಹಾವಭಾವಕ್ಕೆ ಬೇಡ. ಹಾವಭಾವಕ್ಕೆ ಅಂಕ ಇಟ್ಟಷ್ಟು ಕಾಲವೂ ಮಕ್ಕಳು ಬೆರಳೆತ್ತಿ ಕಣ್ಣರಳಿಸುವುದನ್ನು ಬಿಡುವುದಿಲ್ಲ.

ಇಪ್ಪತ್ತು ಶಾಲೆಗಳು ಬಂದರೆ ಇದನ್ನೆಲ್ಲ ಒಂದು ದಿನದಲ್ಲಿ ಮುಗಿಸುವುದು ಹೇಗೆ ಎಂದು ಸಿಆರ್‌ಪಿಯೊಬ್ಬರು, ಅಂದರೆ ಕ್ಲಸ್ಟರ್ ಮಟ್ಟದ ಸಂಪನ್ಮೂಲ ವ್ಯಕ್ತಿಯೊಬ್ಬರು, ಕೇಳಿದರು. ನ್ಯಾಯವಾದ ಪ್ರಶ್ನೆ. ಒಂದೇ ವೇದಿಕೆ, ಒಂದೇ ಮೈಕು ಎಂಬುದನ್ನು ಬಿಟ್ಟರೆ ಆಗುತ್ತದೆ. ಹತ್ತು ಕೊಠಡಿಗಳಲ್ಲಿ ಹತ್ತು ಜೋಡಿ ತಂಡಗಳು ಏಕಕಾಲಕ್ಕೆ ಕೂರಲಿ, ಮಕ್ಕಳನ್ನು ಕರೆತಂದ ಶಿಕ್ಷಕರೇ ಬೇರೆ ಶಾಲೆಯ ಜೋಡಿಗಳನ್ನು ನೋಡಿಕೊಳ್ಳಲಿ. ಮುಖ್ಯ ಅತಿಥಿಗಳಿಗೆ ಭಾಷಣ ಮಾಡಲು ಸಭೆ ಸಿಗುವುದಿಲ್ಲ, ಅಷ್ಟೇ. ತೀರ್ಪುಗಾರರಿಗೆ ಬೆಳಿಗ್ಗೆ ಅರ್ಧ ಗಂಟೆ ತರಬೇತಿ ಬೇಕು. ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆಯಾದ ಡಯಟ್‌ನವರು ಒಮ್ಮೆ ಮಾಡಿ ತೋರಿಸಿದರೆ ಬ್ಲಾಕ್ ಮಟ್ಟದ ಬಿಆರ್‌ಪಿಗಳು, ಸಿಆರ್‌ಪಿಗಳು ಮುಂದುವರಿಸಬಲ್ಲರು.

ಸಮಯದ ಮಾತನ್ನು ಶಿಕ್ಷಕರು ಎತ್ತುತ್ತಾರೆ. ಅವರ ಮೇಲೆ ಬಿದ್ದಿರುವ ಹೊರೆ ನೋಡಿದರೆ ಎದುರಾಡಲು ಬಾಯಿ ಬರುವುದಿಲ್ಲ: ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವುದು, ಮತದಾರರ ಪಟ್ಟಿ. 2025ರ ದಸರಾ ರಜೆಯಲ್ಲಿ ಮನೆಮನೆ ಸಮೀಕ್ಷೆಗೆ ಹೋದವರೂ ಅವರೇ, ಅದಕ್ಕಾಗಿ ರಜೆಯನ್ನೇ ಅಕ್ಟೋಬರ್ 18ರವರೆಗೆ ಬೆಳೆಸಬೇಕಾಯಿತು. ಆದರೆ ಒಬ್ಬ ಮಗುವಿಗೆ ಭಾಷಣ ಬರೆದುಕೊಟ್ಟು, ಹದಿನೈದು ದಿನ ಸಂಜೆ ನಿಲ್ಲಿಸಿಕೊಂಡು ಬಾಯಿಪಾಠ ಮಾಡಿಸುವುದಕ್ಕೆ ಹೋಗುವ ಸಮಯವೂ ಅವರದ್ದೇ ತಾನೆ? ಆ ಸಮಯವನ್ನು ಇಡೀ ತರಗತಿಗೆ ಹಂಚಿದರೆ ಸಾಕು. ಒಂದರಿಂದ ಮೂರನೇ ತರಗತಿಯ ನಲಿಕಲಿಯಲ್ಲಿ ಮಕ್ಕಳು ಹೇಗೂ ಗುಂಪುಗುಂಪಾಗಿ ಸುತ್ತ ಕೂತೇ ಕಲಿಯುತ್ತಾರೆ. ನಾಲ್ಕನೇ ತರಗತಿಗೆ ಬಂದ ಕೂಡಲೇ ಆ ಸುತ್ತು ಒಡೆದು ಸಾಲಾಗುತ್ತದೆ, ಮುಖಗಳೆಲ್ಲ ಕಪ್ಪುಹಲಗೆಯ ಕಡೆ ತಿರುಗುತ್ತವೆ. ಬ್ಯಾಗಿಲ್ಲದ ಸಂಭ್ರಮ ಶನಿವಾರದ ಒಂದು ಗಂಟೆ ಮತ್ತೆ ಸುತ್ತ ಕೂರಿಸಿ ಒಂದು ಪ್ರಶ್ನೆ ಕೊಟ್ಟರೆ, ಸ್ಪರ್ಧೆಗೆ ಹೋಗುವ ಮೂವರಷ್ಟೇ ಅಲ್ಲ, ಮೂವತ್ತೂ ಮಕ್ಕಳು ತಯಾರಾಗುತ್ತಾರೆ.

ಹಾಗೆ ತಯಾರಾದ ಮಕ್ಕಳಿಗೆ ಬಹುಮಾನವಿಲ್ಲದ ಒಂದು ವೇದಿಕೆಯೂ ಇದೆ. ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು. ನಾನು ಕಂಡ ಹೆಚ್ಚಿನ ಸಭೆಗಳಲ್ಲಿ ಸ್ವಾಗತ, ಮಾಲಾರ್ಪಣೆ, ದೊಡ್ಡವರ ಉಪದೇಶ ಮುಗಿದು ಮಕ್ಕಳ ಸರದಿ ಬರುವಷ್ಟರಲ್ಲಿ ಊಟದ ಹೊತ್ತು. ಹೊಳಲ್ಕೆರೆ ತಾಲ್ಲೂಕಿನ ಒಂದು ಸಭೆಯಲ್ಲಿ ಮಾತ್ರ ಆರನೇ ತರಗತಿಯ ಹುಡುಗಿಯೊಬ್ಬಳು ಎದ್ದು, ಶೌಚಾಲಯಕ್ಕೆ ನೀರಿಲ್ಲದ್ದನ್ನು ಹೇಳಿದಳು. 'ಮುಂದಿನ ವರ್ಷದ ಕ್ರಿಯಾಯೋಜನೆಯಲ್ಲಿ ಸೇರಿಸ್ತೀವಮ್ಮ' ಎಂಬ ಉತ್ತರ ಬಂತು. ಅವಳು ಕೂರಲಿಲ್ಲ. 'ಹೋದ ವರ್ಷಾನೂ ನಮ್ಮ ಅಕ್ಕಂಗೆ ಹಂಗೇ ಹೇಳಿದ್ರಂತೆ ಸಾರ್. ಹಂಗಂದ್ರೆ ಈ ವರ್ಷದ್ದು ಯಾವ ಯೋಜನೆ?' ಎಂದಳು. ಎದುರಿನವರ ಮಾತನ್ನು ಪೂರ್ತಿ ಕೇಳಿಸಿಕೊಂಡು, ಅದನ್ನೇ ಹಿಡಿದು ಮರುಪ್ರಶ್ನೆ ಹಾಕಿದ್ದಳು. ಅವಳಿಗೆ ಯಾರೂ ಬರೆದುಕೊಟ್ಟಿರಲಿಲ್ಲ. ಕಾರ್ಯದರ್ಶಿ ಕಡತ ತರಿಸಿದರು.

ಈ ಸಲವೂ ದಾವಣಗೆರೆಯ ಅದೇ ಸ್ಪರ್ಧೆಗೆ ತೀರ್ಪುಗಾರನಾಗಿ ಬರಲು ಕರೆದಿದ್ದಾರೆ. ಅಂಕದ ಹಾಳೆ ಬದಲಿಸಿದರೆ, ವಿಷಯವನ್ನು ಸ್ಥಳದಲ್ಲೇ ಕೊಟ್ಟರೆ ಬರುತ್ತೇನೆ ಎಂದೆ. ಎರಡು ದಿನ ಬಿಟ್ಟು ಫೋನ್ ಮಾಡಿ, ಏಳನೇ ತರಗತಿಯವರಿಗೆ ಮಾತ್ರ ಹಾಗೆ ಮಾಡಿ ನೋಡೋಣ, ಐದು ಆರರವರಿಗೆ ಹಳೆಯ ಕ್ರಮವೇ ಇರಲಿ, ಪೋಷಕರು ಈಗಾಗಲೇ ತಯಾರಿ ಶುರುಮಾಡಿದ್ದಾರೆ ಎಂದರು. ಒಪ್ಪಿಕೊಂಡೆ. ಐದು ವಿಷಯಗಳನ್ನು ಬರೆದು ಕಳಿಸಿದ್ದೇನೆ. ಅದರಲ್ಲಿ ಮೊದಲನೆಯದು: 'ಮನೆಯಲ್ಲಿ ಒಂದೇ ಫೋನ್ ಇದ್ದರೆ ಅದು ಯಾರ ಕೈಯಲ್ಲಿರಬೇಕು?'